ಮುಪ್ಪಿಗೆ ಎರಡು ಮದ್ದು

ಮುಪ್ಪು ಯಾರಿಗೂ ಬೇಡ. ದೀರ್ಘಾಯುಸ್ಸು ಎಲ್ಲರಿಗೂ ಬೇಕು. ಮಗನ ಯೌವನವನ್ನು ಬೇಡಿ ಪಡೆದ ಯಯಾತಿಯ ಆಸೆಯೇ ಇಂದಿನವರದೂ ಆಗಿರುವುದು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ರಸಾಯನಪ್ರಕರಣದಿಂದಲೇ ಮೊದಲಾಗುವುದೂ ಇದಕ್ಕೆ ಸಾಕ್ಷಿ. ಈಗಿನ ರಸಾಯನಗಳಲ್ಲಿ ಎರಡು ಬಗೆಯವು ಹೆಸರಾಗಿವೆ: ಒಂದು ಕಾಯುವ ಮದ್ದು, ಇನ್ನೊಂದು ಬೆಳೆಸುವ ಮದ್ದು. ಪರದೇಶದಲ್ಲಿರುವ ಮಗನು ವೃದ್ಧ ತಂದೆಗೆ ಅಕ್ಕರೆಯಿಂದ ಗುಳಿಗೆಯ ಸೀಸೆಯನ್ನು ಕಳುಹಿಸುವ ಈ ಕಾಲದಲ್ಲಿ ಇವುಗಳ ತಾರತಮ್ಯವನ್ನು ಗೃಹಸ್ಥರು ಅರಿತಿರುವುದು ಅವಶ್ಯಕ.

ಕಾಯುವ ಮದ್ದೆಂದರೆ ಉತ್ಕರ್ಷಣ ನಿರೋಧಕ. ಕಬ್ಬಿಣವು ತುಕ್ಕು ಹಿಡಿಯುವಂತೆ ದೇಹವೂ ಆಮ್ಲಜನಕದಿಂದ ಸವೆಯುವುದು. ದೇಹದೊಳಗೆ ಹುಟ್ಟುವ ಕೆಲವು ಚಂಚಲ ಕಣಗಳೇ ಮುಪ್ಪಿಗೆ ಮೂಲ. ಹೀಗೆಂಬ ವಾದವನ್ನು ಅಮೆರಿಕದ ಡೆನ್ಹಮ್ ಹಾರ್ಮನ್ 1956ರಲ್ಲಿ ಮಂಡಿಸಿದರು. ಹಾಗಾದರೆ ಆ ಕಣಗಳನ್ನು ಅಡಗಿಸುವ ವಸ್ತುವನ್ನು ಸೇವಿಸಿದರಾಯಿತಲ್ಲವೆ? ತರ್ಕವೇನೋ ಸೊಗಸಾಗಿದೆ, ಪ್ರಯೋಗವು ಅದಕ್ಕೆ ಒಡಂಬಡಲಿಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಮಂದಿ ಗಂಡಸರನ್ನು ಐದರಿಂದ ಎಂಟು ವರ್ಷ ಪರೀಕ್ಷಿಸಿ 1994ರಲ್ಲಿ ಫಲವನ್ನು ಪ್ರಕಟಿಸಿದರು. ಗಜ್ಜರಿಗೆ ಬಣ್ಣವನ್ನೀಯುವ ಬೀಟಾ ಕ್ಯಾರೊಟೀನನ್ನು ಗುಳಿಗೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಅರ್ಬುದವು ಶೇಕಡ 18ರಷ್ಟು ಹೆಚ್ಚಾಗಿತ್ತು! ‘ಇ’ ಜೀವಸತ್ವವೂ ಆ ರೋಗವನ್ನು ತಡೆಯಲಿಲ್ಲ. ಹಿತ್ತಿಲ ಗಜ್ಜರಿಯ ಗುಣವೇ ಬೇರೆ, ಸೀಸೆಯ ಗುಳಿಗೆಯ ಗುಣವೇ ಬೇರೆ.

ಬೆಳೆಸುವ ಮದ್ದಿನ ಕಥೆ ಇನ್ನೂ ವಿಚಿತ್ರ. ಬೆಳವಣಿಗೆಯ ಹಾರ್ಮೋನು ಯಕೃತ್ತನ್ನು ಪ್ರೇರಿಸಲು, ಇನ್ಸುಲಿನ್ನನ್ನು ಹೋಲುವ ಒಂದು ವೃದ್ಧಿಕಾರಕವು ಹುಟ್ಟುವುದು. ವಯಸ್ಸು ಏರಿದಂತೆ ಎರಡೂ ಇಳಿಯುವುವು. 1990ರಲ್ಲಿ ಡೇನಿಯಲ್ ರಡ್‌ಮನ್ ಅರುವತ್ತು ದಾಟಿದ ಹನ್ನೆರಡು ಮಂದಿಗೆ ಆ ಹಾರ್ಮೋನನ್ನು ಆರು ತಿಂಗಳು ಚುಚ್ಚಿಸಲು, ಅವರ ಕೊಬ್ಬು ಶೇಕಡ 14.4ರಷ್ಟು ಕರಗಿ, ಕೊಬ್ಬಿಲ್ಲದ ಮೈತೂಕವು ಶೇಕಡ 8.8ರಷ್ಟು ಏರಿತು. ಜನ ಹಿಗ್ಗಿದರು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಮಾಂಸ ಬೆಳೆದರೂ ಬಲ ಬೆಳೆಯಲಿಲ್ಲ. ಬಾವು, ಕೀಲುನೋವುಗಳು ಮಾತ್ರ ಕಂಡವು. ಇತ್ತ 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದು ಸಣ್ಣ ಹುಳುವಿನ ಒಂದೇ ಜೀನು ಕುಂದಿದಾಗ ಅದರ ಆಯುಸ್ಸು ಇಮ್ಮಡಿಯಾಗುವುದನ್ನು ತೋರಿಸಿದರು. ಆ ಜೀನು ಇಂಥ ವೃದ್ಧಿಸಂದೇಶವನ್ನೇ ಬರಮಾಡಿಕೊಳ್ಳುವಂಥದೆಂದು ಆಮೇಲೆ ತಿಳಿದುಬಂತು. ವೃದ್ಧಿ ಕುಗ್ಗಿದಲ್ಲಿ ಬಾಳು ಹಿಗ್ಗಿತು!

ಆದುದರಿಂದ ಮೊದಲನೆಯ ಮದ್ದು ತಾನಾಡಿದ ಮಾತನ್ನು ನಡೆಸಲಿಲ್ಲ. ಎರಡನೆಯದು ಯೌವನದ ಆಕಾರವನ್ನು ಕೊಟ್ಟು ಸಾರವನ್ನು ಕೊಡಲಿಲ್ಲ. ನಿಜವಾದ ಕೊರತೆಯುಳ್ಳವನಿಗೆ ಜೀವಸತ್ವವೂ ಹಾರ್ಮೋನೂ ಔಷಧವೇ ಸರಿ. ಮುಪ್ಪೊಂದೇ ಕೊರತೆಯಾದವನಿಗೆ ಅಲ್ಲ. ಮಗನ ಅಕ್ಕರೆಯನ್ನು ಹಾಗೆಯೇ ಸ್ವೀಕರಿಸಿ, ಸೀಸೆಯನ್ನು ವೈದ್ಯರಿಗೆ ತೋರಿಸಿದ ಬಳಿಕವೇ ಬಿರಡೆಯನ್ನು ತೆಗೆಯುವುದು ಲೇಸು.