ಹಂದಿ, ಬಂದೂಕ ಮತ್ತ ಕಾಡತೂಸಿನ ಮಷೀನ

ಜಾಂಬೋಟಿ ಹಾದಿಗೆ ಇರೂ ನಮ್ಮ ಭಾವಾರ ಮನ್ಯಾಗ ಬೆಳಿ ಕಾಯಾಕ ಲೈಸನ್ಸಿನ ಹನ್ನೆರಡು ಬೋರಿನ ಬಂದೂಕ ಐತಿ. ಖಾನಾಪುರ ಕಡೆಯವರಿಗೆ ಇದೇನು ಹೊಸಾದಲ್ಲ. ಭೀಮಗಡ ಅಭಯಾರಣ್ಯ ಆಗಿದ್ದು 2011ರಾಗ, ಹಂದಿ ಕಾಡಕೋಣ ಗದ್ದಿಗೆ ಬರೂದು ಅದಕ್ಕಿಂತ ಭಾಳ ಹಳೇದು. ಭತ್ತದ ತೆನಿ ಹಾಲು ತುಂಬಿದಾಗ ಹಂದಿ ಹಿಂಡು ಒಂದು ರಾತ್ರಿ ಹೊಕ್ಕರ ಸಾಕು, ಮುಂಜಾನೆ ಗದ್ದಿ ಚಾಪಿ ಹಾಸಿದಂಗ ಬಿದ್ದಿರತೈತಿ. ಬಂದೂಕ ಹಾರಸೂದು ಗಾಳ್ಯಾಗ, ಹೆದರಸಾಕ ಅಷ್ಟ. ಪರವಾನಗಿ ಇಲ್ಲದ ಪ್ರಾಣಿಗೆ ಹೊಡೆಯಂಗಿಲ್ಲ. ಚುನಾವಣಿ ಬಂತಂದ್ರ ಬಂದೂಕ ಪೊಲೀಸ ಠಾಣೆಕ್ಕ ಹೋಗಿ ಕೂಡತೈತಿ. ಹಂದಿಗೆ ನೀತಿ ಸಂಹಿತೆ ಇಲ್ಲ ನೋಡ್ರಿ!

ಈ ಸಲ ಟೆಕ್ಸಾಸದಾಗಿರೂ ಅವರ ಮಗ ಫೋನ್ ಮಾಡಿ, "ಅಪ್ಪಾ, ಅಂಗಡಿ ಕಾಡತೂಸಿಗೆ ಯಾಕ ಅಷ್ಟು ರೊಕ್ಕ ಹಾಕ್ತಿ, ಖಾಲಿ ಕಾಡತೂಸು ಮನ್ಯಾಗ ತುಂಬೂ ಮಷೀನ ತರ್ತೇನಿ" ಅಂದ. ಅಲ್ಲಿ ಅದು ಹವ್ಯಾಸ. ಅವನ ಗ್ಯಾರೇಜಿನಾಗ ಪಿಸ್ತೂಲಿಗೆ ಡಿಲ್ಲನ್ ಐತಿ, ಹನ್ನೆರಡು ಬೋರಿಗೆ ಮೆಕ್ ಕಂಪನಿದು ತಗೋಬೇಕಂತ. ಸಾದಾದ್ದೋ ಪ್ರೋಗ್ರೆಸಿವ್ವೋ ಅಂತ ತಂದಿ ಮಗ ಅರ್ಧಾ ತಾಸು ಮಾತಾಡಿದ್ರು. ನಮ್ಮ ನೆಗೆಣ್ಣಿ ಅಕ್ಕಾರು ನನಗ ಫೋನ್ ಮಾಡಿ, "ಏನಂತವ ಅದು, ನೀ ಓದಿ ಹೇಳು" ಅಂದ್ರು.

ಓದಿದ್ನಿ. ನಮ್ಮ ಭಾಷಾದಾಗ ಹೇಳಬೇಕಂದ್ರ, ಸಾದಾ ಮಷೀನ ಅಂದ್ರ ಒಬ್ಬಾಕಿನ ರೊಟ್ಟಿ ಮಾಡಿದಂಗ. ಒಂದು ಕಾಡತೂಸು ಇಟ್ಟು ಒಂದೊಂದ ಕೆಲಸ ಮುಗಿಸಬೇಕು: ಸುಟ್ಟ ಕ್ಯಾಪು ತೆಗಿ, ಹೊಸಾದು ಹಾಕು, ಮದ್ದು ಸುರುವು, ಛರ್ರಾ ತುಂಬು, ಬಾಯಿ ಮುಚ್ಚು. ಪ್ರೋಗ್ರೆಸಿವ್ ಅಂದ್ರ ಮದವಿ ಮನಿ ರೊಟ್ಟಿ. ಒಬ್ಬಾಕಿ ನಾದತಾಳ, ಒಬ್ಬಾಕಿ ಬಡೀತಾಳ, ಒಬ್ಬಾಕಿ ಬೇಯಸ್ತಾಳ. ಹಿಡಿಕಿ ಒಮ್ಮೆ ಎಳೆದ್ರ ನಾಕೈದು ಕಾಡತೂಸಿನ ಕೆಲಸ ಕೂಡೇ ಆಗಿ, ತಯಾರಾಗಿದ್ದು ಒಂದು ಹೊರಗ ಬೀಳತೈತಿ. ಖರೇ ಚಂದನ. ಆದ್ರ ಎಲ್ಲಾ ಒಮ್ಮೆಲೆ ನಡೆಯೂದ್ರಿಂದ ಕಣ್ಣು ತಪ್ಪತೈತಿ. ಒಂದರಾಗ ಮದ್ದು ಎರಡು ಸಲ ಬಿದ್ರ ಬಂದೂಕಿನ ನಳಿಗಿನ ಒಡೀಬಹುದು, ಅದರ ಹಿಂದ ಭಾವಾರ ಮಾರಿ ಇರತೈತಿ. ಅದು ತಿಂಗಳಿಗೆ ನೂರಾರು ಗುಂಡು ಹಾರಸೂ ಆಟಗಾರರ ಮಷೀನ. ನಮ್ಮ ಮನ್ಯಾಗ ಹೋದ ವರ್ಷ ಹಾರಿದ್ದು ಒಂಬತ್ತು. ಇಬ್ಬರಿದ್ದ ಮನಿಗೆ ಹೋಟೆಲ್ಲಿನ ಗ್ರೈಂಡರ ತಂದಂಗ ಆತು.

ಖರೆ ಮಾತು ಮುಂದ ಐತಿ. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕಾಡತೂಸು ಮಾಡೂ ಯಂತ್ರನೂ ಮದ್ದುಗುಂಡಿನ ಲೆಕ್ಕಕ್ಕ ಬರತೈತಿ. ಅಂದ್ರ ಸೂಟಕೇಸಿನಾಗ ಬರೂದು ಕಬ್ಬಿಣದ ಹಿಡಿಕಿ ಅಲ್ಲ, ಕಾನೂನಿನ ಕಣ್ಣಿಗೆ ಕಾಡತೂಸs. ಬಂದೂಕ ಇಟ್ಟುಕೊಳ್ಳೂ ಲೈಸನ್ಸಿನ ಮ್ಯಾಲ ಕಾಡತೂಸು ಮಾಡಾಕ ಬರಂಗಿಲ್ಲ, ಅದಕ್ಕ ಬ್ಯಾರೆ ಲೈಸನ್ಸ ಬೇಕು. ಲೈಸನ್ಸ ಇಲ್ಲದ ಮಾಡಿದ್ರ 2019ರ ತಿದ್ದುಪಡಿ ಮ್ಯಾಲ ಕಮ್ಮಿ ಅಂದ್ರೂ 7 ವರ್ಷ ಜೈಲು. ಮಗ ವಿಮಾನ ಹತ್ತಿ ವಾಪಸ ಹೋಗ್ತಾನ, ಸಿಗೂದು ಯಾರು?

ಭಾವಾರು, "ಉದ್ಯಮಬಾಗದಾಗ ಲೇಥಿನವರಿಗೆ ಹೇಳಿದ್ರ ಇಲ್ಲೇ ಮಾಡಿ ಕೊಡ್ತಾರ" ಅಂತ ನಕ್ಕರು. ನಮ್ಮ ಬೆಳಗಾವಿ ಫೌಂಡ್ರಿಯವರ ಕೈಯಾಗ ಆಗಲಾರದ್ದು ಏನೈತಿ ಹೇಳ್ರಿ, ಆದ್ರ ಆ ಮಾತು ನಗಿಯಾಗs ಇರಲಿ. ಮದ್ದಿನ ಡಬ್ಬಿ ಎಲ್ಲಿಡೂದು? ಅಟ್ಟದ ಮ್ಯಾಲ ಅಕ್ಕಿ, ಕೆಳಗ ಒಲಿ. ಸೀಸದ ಧೂಳ ಕೈಗೆ ಹತ್ತತೈತಿ, ಅದೇ ಕೈ ಮೊಮ್ಮಕ್ಕಳಿಗೆ ತುತ್ತು ಮಾಡಿ ತಿನ್ನಸೂದು. ಖಡಕಿ ಕಾರ್ಖಾನಿಯ ಶಕ್ತಿಮಾನ್ ಕಾಡತೂಸು ಲೈಸನ್ಸ ತೋರಿಸಿ ಎಣಿಸಿ ತರೂದು ತುಟ್ಟಿ ಅನಸಬಹುದು, ಆದ್ರ ಎಷ್ಟು ಬಂದಾವ, ಎಷ್ಟು ಉಳದಾವ ಅನ್ನೂದು ಅಕ್ಕಾರಿಗೆ ಗೊತ್ತಿರತೈತಿ. ಕಪಾಟಿನ ಕೀಲಿ ಅವರ ಸೊಂಟದಾಗ ಐತಿ.

ಇಷ್ಟೆಲ್ಲಾ ಹೇಳಿದ ಮ್ಯಾಲ ಅಕ್ಕಾರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮ್ಯಾಲ ಅಂದ್ರು, "ನನಗ ಕಾಡತೂಸಿನ ಚಿಂತಿ ಇಲ್ಲವ. ಅರವತ್ತು ದಾಟಿದ ಮನಷ್ಯಾ ರಾತ್ರಿ ಎರಡಕ್ಕ ಒಬ್ಬನ ಗದ್ದಿಗೆ ಹೋಗ್ತಾನ, ಕಾಡಕೋಣ ಎದುರಿಗೆ ಬಂದ್ರ?" ಈ ಮಾತು ಮೂರು ವರ್ಷದಿಂದ ಅವರ ಹೊಟ್ಯಾಗ ಇತ್ತು, ಮಷೀನಿನ ನೆವದಿಂದ ಹೊರಗ ಬಂತು.

ಈಗ ಬಾಜೂ ಗದ್ದಿಯವರು ಕೂಡಿ ಸರದಿ ಹಚ್ಚ್ಯಾರ, ಇಬ್ಬಿಬ್ಬರು ಅಟ್ಟಕ್ಕ ಹೋಗೂದು. ಸೋಲಾರ ಝಟಕಾ ಬೇಲಿಗೆ ಅರ್ಧಾ ರೊಕ್ಕ ಮಗ ಕೊಡ್ತೇನಿ ಅಂದಾನ. ಹೋದ ಬೆಳಿ ಹಾಳಾಗಿದ್ದಕ್ಕ ಫೋಟೊ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರಕ್ಕ ಅರ್ಜಿ ಹಾಕಿದ್ದು ನಾನs. ಮಗ ಮತ್ತ ಏನ ತರಲಿ ಅಂತ ಕೇಳಿದ್ದಕ್ಕ ಅಕ್ಕಾರು, "ತಲಿಗೆ ಕಟ್ಟೂ ಬ್ಯಾಟರಿ ಎರಡು ತಾ, ಚಾರ್ಜ್ ಮಾಡೂವು" ಅಂದಾರ.