ರಕ್ತ ಒಂದೇ, ಊರು ಮೂರು (ಭಾಗ 6)

"ನಮ್ಮ ವಂಶದಲ್ಲೇ ಹಾರ್ಟ್ ಪ್ರಾಬ್ಲಂ ಇದೆ, ಏನ್ ಮಾಡಕ್ಕಾಗತ್ತೆ?" ದೊಡ್ಡಪ್ಪ ಹೋದಾಗಿನಿಂದ ಅಪ್ಪನದು ಇದೊಂದೇ ಮಾತು. ಚೆಕಪ್‌ಗೂ ಬರಲ್ಲ, ವಾಕಿಂಗೂ ಹೋಗಲ್ಲ. ನಿಮ್ಮನೇಲೂ ಹೀಗೇನಾ?

ಹಾಗಾದ್ರೆ ಇದನ್ನ ಓದಿ. 1965ರಲ್ಲಿ ಶುರುವಾದ ನಿ-ಹೊನ್-ಸಾನ್ ಅಧ್ಯಯನ. ಜಪಾನ್, ಹೊನೊಲುಲು, ಸ್ಯಾನ್ ಫ್ರಾನ್ಸಿಸ್ಕೊ: ಮೂರೂ ಕಡೆ ಜಪಾನಿ ಮೂಲದ ಗಂಡಸರನ್ನೇ ಪರೀಕ್ಷಿಸಿದರು. ಹೃದಯದ ಕಾಯಿಲೆ ಜಪಾನಿನಲ್ಲಿ ಅತಿ ಕಡಿಮೆ, ಹವಾಯಿಯಲ್ಲಿ ಹೆಚ್ಚು, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹೆಚ್ಚು. ಮೂಲ ಒಂದೇ, ಬದಲಾಗಿದ್ದು ಬದುಕು.

1976ರಲ್ಲಿ ಮಾರ್ಮಟ್ ಮತ್ತು ಸೈಮ್ ಕ್ಯಾಲಿಫೋರ್ನಿಯಾದವರನ್ನೇ ಒಬ್ಬರ ಜೊತೆ ಒಬ್ಬರನ್ನು ಹೋಲಿಸಿದರು. ತಮ್ಮವರ ಒಡನಾಟ, ಸಂಪ್ರದಾಯ ಉಳಿಸಿಕೊಂಡವರಲ್ಲಿ ಕಾಯಿಲೆ ಜಪಾನಿನಷ್ಟೇ ಕಡಿಮೆ! ಊಟ, ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸ ಪೂರ್ತಿ ಬಗೆಹರಿಯಲಿಲ್ಲ.

ಓದುವಾಗ ದೊಡ್ಡಪ್ಪನೇ ನೆನಪಾದರು. ಮುಂಬೈಯಲ್ಲಿ ಮೂವತ್ತು ವರ್ಷ, ರೂಮಲ್ಲಿ ಒಬ್ಬರೇ. ಊರಲ್ಲೇ ಇದ್ದ ಅಜ್ಜ 84 ದಾಟಿದ್ರು. ಇಬ್ಬರದೂ ಅದೇ ವಂಶ ಅಲ್ವಾ?

ವಂಶ ಲೆಕ್ಕಕ್ಕಿಲ್ಲ ಅಂತಲ್ಲ. ಆದ್ರೆ ಅದೊಂದೇ ಹಣೆಬರಹ ಅಲ್ಲ. ನಿನ್ನೆ ರಾತ್ರಿ ಇದನ್ನೇ ಅಪ್ಪನಿಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಭಾನುವಾರ ಬರ್ತೀಯಲ್ಲ, ಚೆಕಪ್‌ಗೆ ಹೋಗೋಣ" ಅಂದ್ರು.

ಬಸ್ ಟಿಕೆಟ್ ಮಾಡಿಸಿದೀನಿ. ನೀವೂ ಇವತ್ತು ಮನೆಗೊಂದು ಫೋನ್ ಮಾಡಿ.