ಅರ್ಧ ಗಂಟೆಯ ಊಟ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿರುವೆವು. ಊಟವನ್ನು ಬಲ್ಲವನೆಂದರೆ ಏನನ್ನು ಉಣಬೇಕು, ಎಷ್ಟು ಉಣಬೇಕು ಎಂಬುದನ್ನು ಅರಿತವನೆಂದು ಸಾಮಾನ್ಯವಾಗಿ ಅರ್ಥಮಾಡುವರು. ಎಷ್ಟು ಹೊತ್ತು ಉಣಬೇಕು ಎಂಬ ಮೂರನೆಯ ಪ್ರಶ್ನೆಯೊಂದು ಉಂಟೆಂಬುದು ಬಹು ಜನರ ಲಕ್ಷ್ಯಕ್ಕೆ ಬಾರದು. ನನಗಾದರೋ ಎರಡು ವರ್ಷಗಳಿಂದ ಆ ಮೂರನೆಯದೇ ದಿನದಿನದ ಪ್ರಶ್ನೆಯಾಗಿದೆ. ಏಕೆಂದರೆ, ನನ್ನ ಜಠರದ ಮುಕ್ಕಾಲು ಪಾಲನ್ನು ವೈದ್ಯರು ಶಸ್ತ್ರಚಿಕಿತ್ಸೆಯಿಂದ ತೆಗೆದಿರುವರು; ಉಳಿದ ಕಾಲು ಪಾಲಿಗೆ ಊಟಮಾಡಿಸಲು ಉದ್ಯೋಗವು ನನಗೆ ಕೊಡುವ ಬಿಡುವು ಅರ್ಧ ಗಂಟೆ ಮಾತ್ರ.

ನನ್ನ ಉದ್ಯೋಗವು ಸಹಕಾರ ಸಂಘಗಳ ಲೆಕ್ಕಪತ್ರಗಳನ್ನು ತನಿಖೆಮಾಡುವುದು. ಮನೆ ದಾವಣಗೆರೆಯಲ್ಲಿ, ಕೆಲಸವೋ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ. ಒಂದು ವಾರ ಒಂದೂರಾದರೆ ಮುಂದಿನ ವಾರ ಮತ್ತೊಂದೂರು. 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ಊಟ ಒಂದಲ್ಲ. ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿ, ಹೊನ್ನಾಳಿಗಳ ಕಡೆ ಅನ್ನವೇ ಪ್ರಧಾನ. ಹೆಚ್ಚಾಗಿ ಮಳೆಯನ್ನೇ ನೆಚ್ಚಿರುವ ಜಗಳೂರಿನ ಕಡೆ ಮುದ್ದೆ ರೊಟ್ಟಿಗಳಿಗೆ ಮರ್ಯಾದೆ ಹೆಚ್ಚು. ಒಂದು ವಿಷಯದಲ್ಲಿ ಮಾತ್ರ ನಾಲ್ಕೂ ಊರುಗಳು ಸಮಾನ. ಊಟದ ಹೊತ್ತಿಗೆ ಬಂದವನನ್ನು ಉಣಿಸದೆ ಕಳುಹಿಸುವವರು ಎಲ್ಲಿಯೂ ಇಲ್ಲ. ಉಣ್ಣುವವನಿಗೆ "ಇನ್ನೊಂದು ತುತ್ತು" ಎನ್ನದವರೂ ಇಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆ ನನ್ನ ತೂಕ 118 ಕಿಲೋ ಇದ್ದಿತು. ಎತ್ತರ ಐದೂವರೆ ಅಡಿ. ಜೊತೆಗೆ ಮಧುಮೇಹ, ಮೊಣಕಾಲಿನ ನೋವು, ರಾತ್ರಿ ನಿದ್ರೆಯಲ್ಲಿ ಉಸಿರು ಕಟ್ಟಿ ಎಚ್ಚರವಾಗುವ ಬಾಧೆ. ಇಂಥ ಶರೀರವು ಈಗ ನಮ್ಮ ನಾಡಿನಲ್ಲಿ ಅಪರೂಪವಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಾಗಲಿ ಗಂಡಸರಾಗಲಿ, ನೂರಕ್ಕೆ ಸುಮಾರು 30 ಮಂದಿ ಮಿತಿಮೀರಿದ ತೂಕವುಳ್ಳವರು. ಅವರೆಲ್ಲರಿಗೂ ಕತ್ತಿಯ ಚಿಕಿತ್ಸೆ ಬೇಕೆಂದಲ್ಲ. ಪಥ್ಯ, ನಡಿಗೆ, ಔಷಧಗಳಿಂದ ಸಾಧ್ಯವಾಗದೆ, ಬೊಜ್ಜಿನಿಂದಲೇ ಇತರ ರೋಗಗಳು ಬೆಳೆಯುತ್ತಿದ್ದಾಗ ವೈದ್ಯರು ಈ ದಾರಿಯನ್ನು ಸೂಚಿಸುವುದುಂಟು. ನನಗೆ ಬೆಂಗಳೂರಿನಲ್ಲಿ ಆಯಿತು.

ಈ ಚಿಕಿತ್ಸೆಯ ಮೂಲವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಜಠರದ ಹುಣ್ಣಿಗಾಗಿ ಜಠರದ ಒಂದು ಪಾಲನ್ನು ತೆಗೆಸಿಕೊಂಡ ರೋಗಿಗಳು ತೂಕದಲ್ಲಿ ಇಳಿಯುತ್ತಿದ್ದುದನ್ನು ಗಮನಿಸಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ ಎಂಬವರು 1966ರಲ್ಲಿ ಬೊಜ್ಜಿಗಾಗಿ ಜಠರದ ದಾರಿಯನ್ನೇ ತಿರುಗಿಸುವ ಚಿಕಿತ್ಸೆಯನ್ನು ಮಾಡಿದರು. ನನಗೆ ಮಾಡಿದ್ದು ಅದಕ್ಕಿಂತ ಈಚಿನ ಕ್ರಮ. ಇದರಲ್ಲಿ ಚೀಲದಂತಿರುವ ಜಠರವನ್ನು ಉದ್ದಕ್ಕೆ ಕತ್ತರಿಸಿ, ಅಂಗಿಯ ತೋಳಿನಂಥ ಒಂದು ಸಣ್ಣ ಕೊಳವೆಯನ್ನು ಮಾತ್ರ ಉಳಿಸುವರು. ಮೊದಮೊದಲು ಅದು ಹಿಡಿಯುವುದು ಸುಮಾರು ಅರ್ಧ ಲೋಟದಷ್ಟು. ತೆಗೆದುಹಾಕಿದ ಭಾಗದಲ್ಲಿಯೇ ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ರಸವು ಬಹುಮಟ್ಟಿಗೆ ಉತ್ಪತ್ತಿಯಾಗುವುದು. ಇದನ್ನು 1999ರಲ್ಲಿ ಜಪಾನಿನ ವಿದ್ವಾಂಸರು ಕಂಡುಹಿಡಿದರು. ಆದುದರಿಂದ ಜಾಗವೂ ಕಡಮೆಯಾಗುವುದು, ಹಸಿವೂ ಕಡಮೆಯಾಗುವುದು. ಆದರೆ ಹಸಿವು ಕಾಲಕ್ರಮದಲ್ಲಿ ಮರಳುವುದುಂಟು. ಅಷ್ಟರೊಳಗೆ ಹೊಸ ಅಭ್ಯಾಸವು ಬೇರೂರಿರಬೇಕು.

ಆ ಅಭ್ಯಾಸದ ನಿಯಮಗಳು ಕೇಳುವುದಕ್ಕೆ ಸುಲಭ. ತುತ್ತು ಚಿಕ್ಕದಾಗಿರಬೇಕು, ನುಣ್ಣಗಾಗುವ ವರೆಗೆ ಅಗಿಯಬೇಕು, ಒಂದು ತುತ್ತಿಗೂ ಮತ್ತೊಂದಕ್ಕೂ ನಡುವೆ ಸ್ವಲ್ಪ ತಡೆಯಬೇಕು. ಊಟಕ್ಕೆ 20 ನಿಮಿಷಗಳಿಗೆ ಕಡಮೆಯಾಗಕೂಡದು. 30 ಆದರೆ ಮೇಲು. ಊಟದ ನಡುವೆ ನೀರನ್ನು ಕುಡಿಯಕೂಡದು. ಮುಗಿದ ಮೇಲೆಯೂ ಅರ್ಧ ಗಂಟೆ ತಡೆಯಬೇಕು. ಸಸಾರಜನಕ, ಎಂದರೆ ಪ್ರೋಟೀನು, ಇರುವ ಪದಾರ್ಥವನ್ನು ಮೊದಲು ತಿನ್ನಬೇಕು. ದಿನಕ್ಕೆ ಕನಿಷ್ಠ 60 ಗ್ರಾಮಿನಷ್ಟಾದರೂ ಅದು ದೇಹಕ್ಕೆ ಸೇರಬೇಕು. ಸಾಕೆಂಬ ಮೊದಲ ಸೂಚನೆ ಕಂಡೊಡನೆ ಕೈ ನಿಲ್ಲಬೇಕು. ಜೀವಸತ್ವ, ಕಬ್ಬಿಣ, ಸುಣ್ಣದ ಅಂಶಗಳ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಜೀವಮಾನವೆಲ್ಲ ಸೇವಿಸಬೇಕು. ಅವಸರದಿಂದ ನುಂಗಿದರೆ ಎದೆಯ ನಡುವೆ ಕಲ್ಲು ನಿಂತಂತೆ ನೋವಾಗಿ, ಬಾಯಲ್ಲಿ ನೀರೂರಿ, ತಿಂದದ್ದು ಹಿಂದಿರುಗಿ ಬರುವುದು. ಸಿಹಿಯನ್ನು ಹೆಚ್ಚಾಗಿ ತಿಂದರೆ ಕೆಲವರಿಗೆ ಎದೆ ಬಡಿತ, ಬೆವರು, ತಲೆಸುತ್ತು ಕಾಣುವುದೂ ಉಂಟು.

ಮನೆಯಲ್ಲಿ ಇವೆಲ್ಲವೂ ನಡೆದಾವು. ಉದ್ಯೋಗದ ಸ್ಥಳದಲ್ಲಿ ಲೆಕ್ಕವೇ ಬೇರೆ. 1948ರ ಕಾರ್ಖಾನೆ ಕಾಯಿದೆಯಲ್ಲಿ, ಕೆಲಸಗಾರನನ್ನು ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು, ನಡುವೆ ಅರ್ಧ ಗಂಟೆಗೆ ಕಡಮೆಯಿಲ್ಲದ ವಿಶ್ರಾಂತಿಯನ್ನು ಕೊಡತಕ್ಕದ್ದು ಎಂದು ವಿಧಿಸಿದ್ದರು. ಕಾರ್ಖಾನೆಯಲ್ಲದ ಕಚೇರಿಗಳಲ್ಲಿಯೂ ಅರ್ಧ ಗಂಟೆಯೇ ಊಟದ ಅಳತೆಯಾಗಿ ನಿಂತಿರುವುದನ್ನು ನಾನು ಅನೇಕ ಕಡೆ ಕಂಡಿರುವೆನು. ಆರೋಗ್ಯವಂತನಿಗೆ ಅದು ಸಾಲುವುದು. ಐದು ನಿಮಿಷದಲ್ಲಿ ಉಂಡು ಉಳಿದ ಹೊತ್ತಿನಲ್ಲಿ ಒಂದು ಸುತ್ತು ಅಡ್ಡಾಡಿ ಬರುವನು. ನನ್ನಂಥವನಿಗೆ ಆ 30 ನಿಮಿಷಗಳಲ್ಲಿ ಕೈತೊಳೆಯುವುದಕ್ಕೆ, ಕುಳಿತುಕೊಳ್ಳುವುದಕ್ಕೆ 5 ಹೋದರೆ ಉಳಿಯುವುದು 25. ಹೋಟೆಲಿಗೆ ನಡೆದು, ಕಾದು, ತರಿಸಿಕೊಳ್ಳುವಷ್ಟರಲ್ಲಿ ಅದೂ ತೀರುವುದು. ಆದುದರಿಂದ ನಾನು ಮಾಡಿಕೊಂಡ ಮೊದಲ ಏರ್ಪಾಡೆಂದರೆ ಊಟವನ್ನು ಮನೆಯಿಂದಲೇ ಒಯ್ಯುವುದು.

ಈ ಬುತ್ತಿಯ ಕ್ರಮವನ್ನು ಸ್ವಲ್ಪ ವಿವರಿಸುವೆನು. ಇಂಥ ರೋಗಿಗಳಿರುವ ಮನೆಯವರಿಗೆ ಉಪಯೋಗವಾದೀತು. ಡಬ್ಬಿಗಳು ಎರಡು, ಎರಡೂ ಅಂಗೈಯಷ್ಟೇ. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ನಾಲ್ಕು ಗಂಟೆಗೆ. ಮಧ್ಯಾಹ್ನದ ಡಬ್ಬಿಯಲ್ಲಿ ಬೇಯಿಸಿದ ಒಂದು ಮೊಟ್ಟೆ, ಅಥವಾ ಮೆತ್ತಗೆ ಬೆಂದ ಹೆಸರುಕಾಳು, ಅಥವಾ ಕೈಯಲ್ಲಿ ಪುಡಿಮಾಡಿದ ಪನೀರು. ಅದರ ಮೇಲೆ ಗಟ್ಟಿ ಮೊಸರು. ಪಕ್ಕಕ್ಕೆ ಸೋರೆ, ಹೀರೆ, ಕುಂಬಳ ಮೊದಲಾದ ಮೆತ್ತನೆಯ ತರಕಾರಿ. ಅನ್ನವು ಕೊನೆಗೆ, ಎರಡು ಚಮಚ, ಅದೂ ಹೊಟ್ಟೆಯಲ್ಲಿ ಸ್ಥಳವಿದ್ದರೆ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಮು ಸಸಾರಜನಕವಿರುವುದು. ಆದುದರಿಂದ 60 ಗ್ರಾಮು ಒಂದೆರಡು ಊಟಗಳಲ್ಲಿ ಪೂರೈಸತಕ್ಕದ್ದಲ್ಲ, ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ಕೂಡಿಸತಕ್ಕದ್ದು. ಮಕ್ಕಳಿಗೆ ಉಣಿಸುವ ಸಣ್ಣ ಚಮಚವೊಂದನ್ನು ಜೊತೆಗೆ ಇಡುವೆವು. ಕೈಯಿಂದ ಉಂಡರೆ ಬೆರಳುಗಳು ಹಳೆಯ ತುತ್ತಿನ ಅಳತೆಯನ್ನೇ ಕಟ್ಟುವುವು. ಚಮಚಕ್ಕೆ ಆ ನೆನಪಿಲ್ಲ. ನೀರನ್ನು ಹನ್ನೆರಡೂವರೆಯ ವರೆಗೆ ಗುಟುಕು ಗುಟುಕಾಗಿ ಕುಡಿದು ನಿಲ್ಲಿಸುವೆನು; ಮತ್ತೆ ಎರಡು ಗಂಟೆಗೆ, ಕೆಲಸದ ಮೇಜಿನಲ್ಲಿಯೇ, ಮೊದಲುಮಾಡುವೆನು. ಜಗಳೂರಿನ ಬೇಸಗೆಯಲ್ಲಿ ಈ ಒಂದೂವರೆ ಗಂಟೆಯ ವ್ರತವು ಏಕಾದಶಿಗಿಂತ ಕಠಿನವೆಂದು ಹೇಳಬಲ್ಲೆನು.

ಒಂದು ದಿನ ಒಂದು ಕಚೇರಿಯಲ್ಲಿ ಊಟಕ್ಕೆ ಕುಳಿತು ಹತ್ತು ನಿಮಿಷವಾಗಿರಲಿಲ್ಲ. ಮೇಲಧಿಕಾರಿಗಳು ಬಂದಿರುವರು, ಲೆಕ್ಕದ ಪುಸ್ತಕಗಳನ್ನು ತೋರಿಸಬೇಕು ಎಂದು ಕರೆ ಬಂದಿತು. ಉಳಿದದ್ದನ್ನು ಎರಡು ತುತ್ತಿಗೆ ಮುಗಿಸಿ ಬರುವಂತೆ ಪಕ್ಕದಲ್ಲಿದ್ದವರು ಪ್ರೀತಿಯಿಂದಲೇ ಹೇಳಿದರು. ನಾನು ಡಬ್ಬಿಯನ್ನು ಮುಚ್ಚಿ ಎದ್ದೆನು. ಉಳಿದ ಊಟವು ನಾಲ್ಕು ಗಂಟೆಗೆ ಆಯಿತು. ಅವಸರದಲ್ಲಿ ಪೂರ್ತಿ ಉಣ್ಣುವುದಕ್ಕಿಂತ ಸಮಾಧಾನದಿಂದ ಅರ್ಧ ಉಂಡು ನಿಲ್ಲಿಸುವುದು ಲೇಸೆಂಬುದೇ ಈ ಎರಡು ವರ್ಷಗಳಲ್ಲಿ ನಾನು ಕಲಿತ ಮುಖ್ಯವಾದ ಪಾಠ. ಎರಡನೆಯ ಡಬ್ಬಿಯು ಇರುವುದೂ ಇದಕ್ಕಾಗಿಯೇ. ಅದು ಚೀಲದಲ್ಲಿದೆ ಎಂಬ ಧೈರ್ಯವಿದ್ದರೆ ಗಡಿಯಾರದ ಮುಳ್ಳು ಹೆದರಿಸಲಾರದು.

ಆದರೆ ಕಾಲಕ್ಕಿಂತ ಕಷ್ಟವಾದದ್ದು ಜನರ ವಿಶ್ವಾಸ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಹಿರಿಯರೊಬ್ಬರು ನನ್ನನ್ನು ಊಟಕ್ಕೆ ಕರೆದೊಯ್ದು, ಹಬೆಯಾಡುವ ರಾಗಿಮುದ್ದೆಯನ್ನೂ ಹುರುಳಿಕಟ್ಟಿನ ಸಾರನ್ನೂ ಬಡಿಸಿದರು. ಮುದ್ದೆಯನ್ನು ಅಗಿಯುವುದು ಅದನ್ನು ಬಲ್ಲವರ ಪದ್ಧತಿಯಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದೇ ಅದರ ಕ್ರಮ. ನನ್ನ ಜಠರಕ್ಕೋ ನುಂಗಿದ ಮುದ್ದೆಯೆಂದರೆ ಬಾಗಿಲಿಗೆ ಅಡ್ಡ ಬಿದ್ದ ಬಂಡೆ. ಆದ ಚಿಕಿತ್ಸೆಯನ್ನು ಬಿಚ್ಚಿ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಮನೆಯ ಅನ್ನ ನಿಮಗೆ ಇನ್ನು ಆಗುವುದೇ ಇಲ್ಲವೇ?" ಎಂದು ಕೇಳಿದರು. ಆ ಮಾತಿನಲ್ಲಿದ್ದುದು ಕೋಪವಲ್ಲ, ವ್ಯಸನ. ಅವರ ಕಣ್ಣಿಗೆ ನಾನು ಆಹಾರವನ್ನಲ್ಲ, ಮನೆಯನ್ನೇ ಬೇಡವೆಂದಂತೆ ಕಂಡಿರಬೇಕು. ಆಗುವುದೆಂದು ಹೇಳಿ, ಹುರುಳಿಯ ಸಾರಿನಲ್ಲಿದ್ದ ಕಾಳುಗಳನ್ನು ಒಂದು ಬಟ್ಟಲಿಗೆ ಹಾಕಿಸಿಕೊಂಡು, ಅವರು ಮೂರು ಮುದ್ದೆ ಮುಗಿಸುವ ವರೆಗೂ ಒಂದೊಂದಾಗಿ ಅಗಿಯುತ್ತ ಜೊತೆಗೆ ಕುಳಿತೆನು. ಮುಂದಿನ ಸಾರಿ ಹೋದಾಗ ಕಾಳುಗಳು ಬೇರೆಯಾಗಿ ಮೆತ್ತಗೆ ಬೆಂದು ಕಾದಿದ್ದುವು. ಮುಂಜಾನೆಯ ವೇಳೆಗೆ ಮಜ್ಜಿಗೆ ಬೆರೆಸಿದ ರಾಗಿಯ ಅಂಬಲಿಯೂ ಇದ್ದಿತು.

ಹೊನ್ನಾಳಿಯಲ್ಲಿಯೂ ನ್ಯಾಮತಿಯಲ್ಲಿಯೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂದಿತು. ಅಲ್ಲಿ ಗುಮಾಸ್ತರು ತಮ್ಮ ತಮ್ಮ ಡಬ್ಬಿಗಳನ್ನು ನಡುವೆ ಇಟ್ಟು ಹಂಚಿಕೊಂಡು ಉಣ್ಣುವರು. ಹಂಚಿಕೊಳ್ಳಲಾರದವನು ದೂರ ಕುಳಿತುಕೊಳ್ಳುವುದು ಸಹಜ. ಈ ಚಿಕಿತ್ಸೆಯಾದ ಅನೇಕರು ಹಾಗೆಯೇ ಮರೆಯಲ್ಲಿ ಉಣ್ಣುವರಂತೆ. ನಾನು ಮಾತ್ರ ಮರೆಗೆ ಹೋಗಲಿಲ್ಲ. ಒಬ್ಬನೇ ಕುಳಿತವನು ಓದುತ್ತಲೋ ಮೊಬೈಲನ್ನು ನೋಡುತ್ತಲೋ ಬೇಗ ಉಣ್ಣುವನು; ಮಾತನಾಡುವವನ ಬಾಯಿಗೆ ತುತ್ತು ತಾನಾಗಿಯೇ ತಡವಾಗಿ ಹೋಗುವುದು. ಸಹವಾಸವೇ ನನಗೆ ಗಡಿಯಾರವಾಯಿತು. ಯಾರಾದರೂ ಏನನ್ನಾದರೂ ಕೊಟ್ಟರೆ ಬೆರಳ ತುದಿಯಷ್ಟು ರುಚಿನೋಡಿ, ಚೆನ್ನಾಗಿದೆಯೆಂದು ಹೇಳುವೆನು. ಕೊಟ್ಟವರಿಗೆ ಬೇಕಾದದ್ದು ಬಹುಮಟ್ಟಿಗೆ ಆ ಮಾತೇ ಹೊರತು ತಟ್ಟೆ ಬರಿದಾಗುವುದಲ್ಲ.

ಎಚ್ಚರವಹಿಸತಕ್ಕ ಮತ್ತೊಂದು ಸಂಗತಿಯುಂಟು. ಗಟ್ಟಿಯಾದ ಪದಾರ್ಥಗಳು ನಿಧಾನವಾಗಿ ಇಳಿದು ಬೇಗ ತೃಪ್ತಿಯನ್ನು ಕೊಡುವುವು. ಬಿಸ್ಕತ್ತು, ಕರಿದ ತಿಂಡಿ, ಸಿಹಿಯಾದ ಚಹ ಮೊದಲಾದವು ಕರಗಿ ಜಾರಿಹೋಗುವುವು, ಹೊಟ್ಟೆ ತುಂಬಿದ್ದು ತಿಳಿಯುವುದೇ ಇಲ್ಲ. ನಮ್ಮ ದಾವಣಗೆರೆಯ ಪ್ರಸಿದ್ಧವಾದ ಮಂಡಕ್ಕಿಯೂ ಮೆಣಸಿನಕಾಯಿಯ ಬಜ್ಜಿಯೂ ಈ ಜಾತಿಗೆ ಸೇರಿದವು. ಬಿಡುವು ಸಾಲದೆಂದು ಊಟವನ್ನು ಬಿಟ್ಟು ಇವುಗಳಿಂದ ಹೊತ್ತುಕಳೆದರೆ, ಇಳಿದ ತೂಕವು ಸದ್ದಿಲ್ಲದೆ ಹಿಂದಿರುಗುವುದು. ಕತ್ತಿಯು ಜಠರವನ್ನು ಚಿಕ್ಕದಾಗಿ ಮಾಡಬಲ್ಲುದು. ನಾಲಗೆಯನ್ನು ಚಿಕ್ಕದಾಗಿ ಮಾಡಲಾರದು.

ಮನೆಯಲ್ಲಿ ನನ್ನ ತಾಯಿಯವರಿಗೆ ಆ ಅಂಗೈ ಡಬ್ಬಿಯನ್ನು ಕಂಡರೆ ಬಹಳ ದಿನ ಸಂಕಟವಾಗುತ್ತಿದ್ದಿತು. ದುಡಿಯುವ ಮಗನಿಗೆ ಹಕ್ಕಿಗೆ ಇಟ್ಟಷ್ಟು ಬುತ್ತಿಯೇ ಎಂದು ಮುಚ್ಚಳ ಹಾಕುವಾಗ ಇನ್ನೊಂದು ಚಮಚ ಒತ್ತುವರು. ಅವರೊಡನೆ ವಾದಿಸಿ ಫಲವಿರಲಿಲ್ಲ. ವೈದ್ಯರ ಬಳಿಗೆ ಹೋಗುವ ದಿನ ಅವರನ್ನೂ ಕರೆದೊಯ್ದೆನು. ರಕ್ತದಲ್ಲಿ ಸಕ್ಕರೆಯು ಇಳಿದಿರುವುದನ್ನೂ ಮಧುಮೇಹದ ಮಾತ್ರೆಗಳನ್ನು ಕಡಮೆಮಾಡಿದುದನ್ನೂ ಅವರು ತಮ್ಮ ಕಿವಿಯಿಂದಲೇ ಕೇಳಿದರು. ಈಗ ಡಬ್ಬಿಯನ್ನು ತುಂಬುವವರು ಅವರೇ; ಅಳತೆ ತಪ್ಪುವುದಿಲ್ಲ. ನನ್ನ ತೂಕ ಈಗ 81 ಕಿಲೋ. ರಾತ್ರಿ ಉಸಿರು ಕಟ್ಟುವುದಿಲ್ಲ. ಚನ್ನಗಿರಿಯ ಬಸ್ ನಿಲ್ದಾಣದಿಂದ ಸಂಘದ ಕಚೇರಿಗೆ ನಡೆದೇ ಹೋಗುವೆನು.

ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಚಿಕಿತ್ಸೆಯ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ. ನನ್ನ ಕ್ರಮವು ಎಲ್ಲರಿಗೂ ಒಪ್ಪಲೇಬೇಕೆಂದಿಲ್ಲ. ಆದರೆ ನಿಮ್ಮ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಹೀಗೆ ಕೊಂಚ ಕೊಂಚವಾಗಿ ಉಣ್ಣುವವರು ಇದ್ದರೆ, ಏಕೆ ಇಷ್ಟೇ ಎಂದು ಕೇಳಬೇಡಿರಿ, ಇನ್ನೂ ಆಗಲಿಲ್ಲವೇ ಎಂದೂ ಕೇಳಬೇಡಿರಿ. ನಿಮ್ಮ ಕೈಕೆಳಗಿನವರಾದರೆ ಅವರ ಅರ್ಧ ಗಂಟೆಯನ್ನು ಅರ್ಧ ಗಂಟೆಯಾಗಿಯೇ ಬಿಡಿರಿ; ಸಂಜೆ ಹತ್ತು ನಿಮಿಷ ಕೇಳಿದರೆ ಅದನ್ನೂ ಕೊಡಿರಿ. ಮನೆಯವರಾದರೆ ತಟ್ಟೆಗೆ ಬಡಿಸುವ ಬದಲು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಪ್ರೀತಿಯನ್ನು ತುತ್ತಿನಿಂದ ಅಳೆಯುವುದು ನಮ್ಮ ಹಿರಿಯರಿಂದ ಬಂದ ಸಂಪ್ರದಾಯ, ಅದು ಹೋಗಬೇಕಾಗಿಲ್ಲ. ತುತ್ತು ಹಿಡಿಯದ ಕಡೆ ಅದನ್ನು ಹೊತ್ತಿನಿಂದ ಅಳೆದರೆ ಸಾಕು.